ಮೇಲೆ ನೋಡಿ, ಕೆಳಗೆ ನೋಡಿ

ಗ್ದಾನ್ಸ್ಕ್. ಫೆಬ್ರವರಿ. ಬೆಳಿಗ್ಗೆ ಏಳೂವರೆಯ ಮೊದಲ ಹೆಸರು
ಬೊಗುಮಿವಾ, ವಯಸ್ಸು ಎಪ್ಪತ್ತೊಂದು.
ಎಡಗಾಲಿಗೆ ಇಳಿಯುವ ಸೊಂಟದ ನೋವು, ಎನ್ನುತ್ತದೆ ಚೀಟಿ.
ಕೋಟು ಕಳಚಿದಳು, ಗಡಿಯಾರ, ಕೊರಳಿನ ಮರಿಯಮ್ಮನ ಪದಕ,
ಹೇರ್‌ಪಿನ್ನು ಮೂರು.
ನಾಲ್ಕನೆಯದನ್ನು ನಾನೇ ಹುಡುಕಿ ತೆಗೆದು ಜೇಬಿಗೆ ಹಾಕಿಕೊಂಡೆ.

ನನ್ನ ಪ್ರಶ್ನೆಗಳೆಲ್ಲ ಬಾಯಿಪಾಠ.
ಎದೆಯಲ್ಲಿ ಪೇಸ್‌ಮೇಕರ್? ಇಲ್ಲ.
ಮಂಡಿಯಲ್ಲಿ ಮೊಳೆ, ಕಿವಿಯಲ್ಲಿ ಯಂತ್ರ? ಇಲ್ಲ, ಇಲ್ಲ.
ಲೋಹದ ಕೆಲಸ, ಎಂದಾದರೂ?
ನಕ್ಕಳು. ಒಂದು ಹಲ್ಲು ಚಿನ್ನದ್ದು
(ಪರವಾಗಿಲ್ಲ, ಸೂಜಿಗಲ್ಲಿಗೆ ಚಿನ್ನದ ಆಸೆಯಿಲ್ಲ).
"ಇಪ್ಪತ್ತಾರು ವರ್ಷ ವೆಲ್ಡಿಂಗ್, ಮಗಳೇ, ಹಡಗುಕಟ್ಟೆಯಲ್ಲಿ.
ಗಂಡಸರ ಭುಜ ಹಿಡಿಸದ ಸಂದಿಗೆ ನನ್ನನ್ನು ತೂರಿಸುತ್ತಿದ್ದರು.
ಅಂಗಾತ ಮಲಗಿ, ತಲೆಯ ಮೇಲಿನ ಸೀಳು ಹೊಲಿಯುತ್ತಿದ್ದೆ."

ಹಾಗಾದರೆ ಮೊದಲು ಕಣ್ಣು, ಎಂದೆ.
ಬೆನ್ನು ಹಿಡಿದು ಬಂದವಳ ಕಣ್ಣೇಕೆ?
ಹೇಳಿದೆ: ಆ ಸುರಂಗದ ಸೂಜಿಗಲ್ಲು ರಾತ್ರಿಯೂ ಮಲಗುವುದಿಲ್ಲ,
ಹೋದ ವರ್ಷ ನೆಲ ಒರೆಸುವವನ ಬಕೆಟ್ಟನ್ನು
ಕೈಯಿಂದ ಕಿತ್ತು ಬಾಯಿಗೆ ಹಾಕಿಕೊಂಡಿತು.
ಎಳ್ಳಿನ ಕಾಲುಭಾಗ ಕಬ್ಬಿಣವಿದ್ದರೂ
ತವರಿಗೆ ಕರೆದ ಹಾಗೆ ಕರೆಯುತ್ತದೆ,
ಅದು ಹೊರಟ ದಾರಿ ಕಣ್ಣಿನದ್ದು.

ಗಲ್ಲ ಹಲಗೆಗೆ ತಾಗಿಸಿ. ಮೇಲೆ ನೋಡಿ.
ಅಲ್ಲಾಡಬೇಡಿ.
ಕೆಳಗೆ ನೋಡಿ.

ಮಂಜು ಕವಿದ ಬಂದರಿನಂಥ ಎರಡು ಗೂಡು.
ಬಲಗೂಡಿನಲ್ಲಿ ಒಂದು ಬಿಳಿ ಚುಕ್ಕಿ.
ಧೂಳಿರಬೇಕೆಂದು ಹಲಗೆ ಒರೆಸಿ ಮತ್ತೆ ತೆಗೆದೆ.
ಆಕೆ ಮೇಲೆ ನೋಡಿದಾಗ ಮೇಲೇರಿತು,
ಕೆಳಗೆ ನೋಡಿದಾಗ ಇಳಿಯಿತು.
ಧೂಳು ಹೀಗೆ ಹೇಳಿದ ಮಾತು ಕೇಳುವುದಿಲ್ಲ.

"ಎಪ್ಪತ್ತೊಂಬತ್ತರ ಚಳಿಗಾಲ," ಎಂದಳು ತಡೆದು,
"ಮೂಗು ಒರೆಸಲು ಮುಖದ ಗಾಜು ಎತ್ತಿದ್ದೆ, ಅಷ್ಟೇ.
ಪಕ್ಕದಲ್ಲಿ ವಿಟೋಲ್ಡ್ ಕಬ್ಬಿಣ ಉಜ್ಜುತ್ತಿದ್ದ.
ಮೂರು ದಿನ ಕಣ್ಣು ಸುರಿಯಿತು. ನರ್ಸು ತೊಳೆದು,
ಹೋಯಿತು ಅಂದಳು. ನಾನೂ ಹೋಯಿತು ಅಂದುಕೊಂಡೆ."
ಧಾನ್ಯದ ಹಡಗಂತೆ, ಗ್ರೀಕರಿಗೆ ಕಟ್ಟಿದ್ದು.
ನೀರಿಗಿಳಿಸುವ ದಿನ ಬಾಟಲಿ ಮೊದಲ ಏಟಿಗೆ ಒಡೆಯಲಿಲ್ಲ.
ಈಚೆಗೆ ತಮ್ಮನ ಮಗ ಫೋನಿನಲ್ಲಿ ತೋರಿಸಿದನಂತೆ:
ಚಿತ್ತಗಾಂಗಿನ ಕೆಸರಿನಲ್ಲಿ ಬರಿಗಾಲ ಹುಡುಗರು
ಅದನ್ನು ಹೋಳು ಹೋಳಾಗಿ ಕತ್ತರಿಸುತ್ತಿದ್ದದ್ದು.
"ಇದರ ತೂಕ ಎಷ್ಟಿರಬಹುದು?"
ನಮ್ಮಲ್ಲಿ ಅಂಥ ತಕ್ಕಡಿ ಇಲ್ಲ, ಎಂದೆ.

ಸುರಂಗ ಬೇಡವಾಯಿತು. ಪಕ್ಕದ ಕೋಣೆಯಲ್ಲಿ ಸಿ.ಟಿ.
ಪರದೆಯನ್ನು ರೋಗಿಯ ಕಡೆ ತಿರುಗಿಸಬಾರದು. ತಿರುಗಿಸಿದೆ.
ನಾಲ್ಕು ಮತ್ತು ಐದನೆಯ ಮೂಳೆಯ ನಡುವೆ ಬಿಲ್ಲೆ ಸವೆದು,
ಅಂಚುಗಳು ಕೊಕ್ಕಿನಂತೆ ಬೆಳೆದು ಒಂದನ್ನೊಂದು ಮುಟ್ಟಿವೆ.
ಇಂಥದ್ದೇ ಬೆನ್ನಿನವರು ನೋವಿಲ್ಲದೆ
ಅಣಬೆ ಕೀಳಲು ಕಾಡಿಗೆ ಹೋಗುವುದನ್ನು ಬಲ್ಲೆ.
ಇದಕ್ಕಿಂತ ಚೆಂದದ ಬೆನ್ನು ಈ ಮಂಚದ ಮೇಲೆ
ಗೋಳೋ ಎಂದು ಅತ್ತದ್ದನ್ನೂ ಬಲ್ಲೆ.
ಬೂದಿಬಣ್ಣದ ನೂರು ಛಾಯೆಗಳಲ್ಲಿ
ನೋವಿನ ಛಾಯೆ ಯಾವುದೆಂದು ಇನ್ನೂ ಯಾರೂ ನನಗೆ ಹೇಳಿಕೊಟ್ಟಿಲ್ಲ.

ಆಕೆ ಮಾತ್ರ ಮೂಗು ಪರದೆಗೆ ತಾಗುವಷ್ಟು ಬಾಗಿದಳು.
"ಈ ಬೆಸುಗೆ ಯಾರದು? ಸರಿಯಾಗಿ ಕೂತಿಲ್ಲ.
ನಮ್ಮ ಕೆಲಸಕ್ಕೂ ಎಕ್ಸ್‌ರೇ ಹಿಡಿಯುತ್ತಿದ್ದರು,
ರಾತ್ರಿಪಾಳಿಯಲ್ಲಿ, ಎಲ್ಲರನ್ನೂ ದೂರ ಓಡಿಸಿ.
ಗುಳ್ಳೆ ಕಂಡಲ್ಲಿ ಸೀಮೆಸುಣ್ಣದ ಗೀಟು,
ಬೆಳಿಗ್ಗೆ ಬಂದು ಕಡಿದು ಮತ್ತೆ ಹಾಕಬೇಕು.
ನನ್ನದಕ್ಕೆ ಗೀಟು ಬೀಳುತ್ತಿದ್ದದ್ದು ವರ್ಷಕ್ಕೆ ಎರಡೋ ಮೂರೋ.
ಇದನ್ನು ಕಡಿಯುತ್ತಾರಾ?"
ಡಾಕ್ಟರು ಹೇಳುತ್ತಾರೆ, ಎಂದೆ. ಯಾವಾಗಲೂ ಹೇಳುವಂತೆ.

ಕನ್ನಡಿಯಿಲ್ಲದೆ ಪಿನ್ನು ಸಿಕ್ಕಿಸಿಕೊಂಡು ಹೊರಟಳು,
ಮೆಟ್ಟಿಲಿಗೆ ಬಲಗಾಲು ಮೊದಲಿಟ್ಟು.

ಹನ್ನೊಂದಕ್ಕೆ ಮುಂದಿನವರ ತಲೆದಿಂಬು ಸರಿಮಾಡಲು
ಸುರಂಗದ ಬಾಯಿಗೆ ಬಾಗಿದೆ.
ನನ್ನ ಜೇಬಿನಲ್ಲಿ ಏನೋ
ಎದ್ದು ನಿಂತಿತು.